ಉಸಿರಿನ ನೀರು

ಅವರು ತೀರಿಕೊಂಡು ಒಂಬತ್ತು ದಿನವಾದ ಮೇಲೆ ನನಗೆ ಸುದ್ದಿ ತಿಳಿಯಿತು. ಅದೂ ಇಲ್ಲಿ ಅಮೆರಿಕದಲ್ಲಿ, ಫ್ರೀಮಾಂಟಿನ ಇಂಡಿಯನ್ ಗ್ರೋಸರಿಯಲ್ಲಿ, ತೊಗರಿಬೇಳೆಯ ಚೀಲವನ್ನು ಗಾಡಿಗೆ ಎತ್ತಿ ಹಾಕುತ್ತಿರುವಾಗ. ಪರಿಚಯದ ಹೆಂಗಸೊಬ್ಬರು, "ನೆವಾರ್ಕಲ್ಲಿ ಮಗನ ಮನೇಲಿದ್ರಲ್ಲ, ಆ ಊದೋ ತಾತ, ಹೋಗ್ಬಿಟ್ರಂತೆ ಕಣ್ರೀ. ನಿಮಗೆ ಗೊತ್ತಿದ್ರಲ್ವಾ ಅವ್ರು?" ಎಂದರು. ಗೊತ್ತಿದ್ದರು ಎಂದೆ. ಎಷ್ಟು ಗೊತ್ತಿದ್ದರು ಎಂದು ಅವರು ಕೇಳಲಿಲ್ಲ. ಮಾತು ಬೇಳೆಗೆ ಹುಳು ಹಿಡಿದಿದೆಯೇ ಎಂಬ ಕಡೆಗೆ ಹೊರಳಿತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರ ಮಗನಿಗೆ ಮುಜುಗರ, ಬರೆಯದಿದ್ದರೆ ನನಗೆ ಅನುಕೂಲ. ಎರಡೂ ಕಾರಣಗಳನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಅವರನ್ನು ಯಜಮಾನರೇ ಎನ್ನುತ್ತಿದ್ದೆ, ನನ್ನ ಮಗಳು ತಾತ ಎನ್ನುತ್ತಿದ್ದಳು. ವಯಸ್ಸಿನಲ್ಲಿ ನಾನು ಅವರ ಮಗಳಂತಿದ್ದರೂ ಅವರು ನನ್ನನ್ನು ತಾಯಿ ಎಂದೇ ಕರೆಯುತ್ತಿದ್ದರು.

ಕುಳ್ಳಗಿನ ಆಳು. ಚಳಿಯಿರಲಿ ಇಲ್ಲದಿರಲಿ, ಪಂಚೆಯ ಮೇಲೆ ಮಗನ ಹಳೆಯ ಸ್ಕೀ ಜಾಕೆಟ್ಟು, ತಲೆಗೆ ಉಲ್ಲನ್ ಟೋಪಿ, ಅದರ ಕೆಳಗೆ ವಿಭೂತಿ. ಐವತ್ತು ವರ್ಷ ಊದಿ ಊದಿ ಕೆನ್ನೆಗಳು ಸಡಿಲವಾಗಿದ್ದವು. ಮೈಸೂರಿನ ವಾಲಗದವರ ಮನೆತನ ಅವರದು. ತಂದೆ, ಚಿಕ್ಕಪ್ಪಂದಿರೆಲ್ಲ ಮದುವೆಮನೆಗಳಲ್ಲಿ ನಾಗಸ್ವರ ಊದಿದವರು. ಇವರು ಹುಡುಗನಾಗಿದ್ದಾಗ ಅರಮನೆಯ ಬ್ಯಾಂಡಿಗೆ ಓಬೋ ನುಡಿಸುವವರು ಬೇಕಾಗಿದ್ದರಂತೆ. ಪೀಪಿ ಊದುವ ಅಭ್ಯಾಸವಿರುವ ಹುಡುಗ ಎಂದು ಇವರನ್ನು ಹಿಡಿದುಕೊಂಡು ಹೋದರಂತೆ. ಓಬೋ ಎಂದರೆ ಒಂದೂವರೆ ಮೊಳ ಉದ್ದದ ಕಪ್ಪು ಮರದ ಕೊಳವೆ. ಮೈತುಂಬ ಬೆಳ್ಳಿಬಣ್ಣದ ಕೀಲಿಗಳು, ತುದಿಯಲ್ಲಿ ಸಿಕ್ಕಿಸಿ ಬಾಯಿಗಿಟ್ಟು ಊದುವ, ಹುಲ್ಲುಕಡ್ಡಿಯಷ್ಟು ತೆಳ್ಳನೆಯ ರೀಡು. "ನಮ್ ವಾಲಗಾನೇ ಇಂಗ್ಲಿಷು ಕಲ್ತು ಬಂದಂಗೆ ಅಂದ್ಕೊಳಿ ತಾಯಿ," ಎನ್ನುತ್ತಿದ್ದರು. ಮೈಸೂರಿನಲ್ಲಿ ಅದನ್ನು ರಿಪೇರಿ ಮಾಡುವವರು ಯಾರೂ ಇರಲಿಲ್ಲವಾದ್ದರಿಂದ ರಿಪೇರಿಯನ್ನೂ ತಾವೇ ಕಲಿತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಮಗ ಇಲ್ಲಿಗೆ ಕರೆಸಿಕೊಂಡಿದ್ದ. ಬರುವಾಗ ಬಟ್ಟೆಗಿಂತ ಹೆಚ್ಚಾಗಿ ಅರ, ಚಿಮ್ಮಟ, ಬೂಚಿನ ಹಾಳೆಗಳನ್ನು ತಂದಿದ್ದರು.

ನಾವು ಅವರನ್ನು ಕಂಡದ್ದು ಒಂದು ಯುಗಾದಿ ಊಟದಲ್ಲಿ. ಆಗೆಲ್ಲ ಕನ್ನಡದವರು ಸೇರುವುದೆಂದರೆ ಶಾಲೆಯ ಕೆಫೆಟೇರಿಯಾ ಬಾಡಿಗೆಗೆ ಹಿಡಿದು, ಮನೆಮನೆಯಿಂದ ಪಾತ್ರೆಗಳಲ್ಲಿ ಅಡುಗೆ ಹೊತ್ತು ತರುವುದು. ಒಂಬತ್ತನೆಯ ಕ್ಲಾಸಿನ ನನ್ನ ಮಗಳು ತನ್ನ ಶಾಲೆಯ ಬ್ಯಾಂಡಿನಲ್ಲಿ ಓಬೋ ನುಡಿಸುತ್ತಿದ್ದಳು. ಯಾರೋ ಒತ್ತಾಯ ಮಾಡಿದ್ದಕ್ಕೆ ಒಂದು ದೇವರನಾಮ ನುಡಿಸಿದಳು. ಜನ ಒಬ್ಬಟ್ಟಿನ ಸಾಲಿನಲ್ಲಿ ನಿಂತು ಮಾತಾಡುತ್ತಿದ್ದರು, ಕೇಳಿದವರು ಕಡಿಮೆ. ಈ ಮುದುಕರು ಮಾತ್ರ ಪ್ಲೇಟನ್ನು ನೆಲದ ಮೇಲಿಟ್ಟು ಅವಳ ಹತ್ತಿರ ಬಂದು ಕಿವಿಯೊಡ್ಡಿ ನಿಂತರು. ಮುಗಿದ ಮೇಲೆ, "ಮಗು, ಕೆಳಗಿನ ಸ ಕೆಡ್ತಲ್ಲ, ಅದು ನಿನ್ ತಪ್ಪಲ್ಲ. ಎಲ್ಲೋ ಗಾಳಿ ಬಿಡ್ತಾ ಅದೆ," ಎಂದರು. ಮಗಳಿಗೆ ಅವರ ಕನ್ನಡ ಪೂರ್ತಿ ಹಿಡಿಯಲಿಲ್ಲ. ‘ತಪ್ಪಲ್ಲ’ ಎಂಬುದು ಮಾತ್ರ ಚೆನ್ನಾಗಿ ಅರ್ಥವಾಯಿತು. "ಐ ನ್ಯೂ ಇಟ್," ಎಂದು ನನ್ನ ಕಡೆ ತಿರುಗಿದಳು. ಅಲ್ಲಿಂದ ಅವರಿಬ್ಬರೂ ಒಂದು ಪಕ್ಷ.

ಮಗ ತನ್ನ ಗರಾಜಿನ ಅರ್ಧ ಭಾಗವನ್ನು ಅವರಿಗೆ ಬಿಟ್ಟುಕೊಟ್ಟಿದ್ದ. ಬಾಗಿಲು ತೆರೆದರೆ ಕೊಲ್ಲಿಯ ಕಡೆಯಿಂದ ಉಪ್ಪಿನ ಗದ್ದೆಗಳ ವಾಸನೆ. ಒಳಗೆ ಎರಡು ಫೈಲ್ ಕ್ಯಾಬಿನೆಟ್ಟುಗಳ ಮೇಲೆ ಹಳೆಯ ಬಾಗಿಲೊಂದನ್ನು ಅಡ್ಡ ಹಾಕಿ ಮಾಡಿಕೊಂಡ ಮೇಜು. ಅಲ್ಲಿ ಕೂತು ಮಗಳಿಗೆ ರೀಡು ಕೆತ್ತಿಕೊಡುತ್ತಿದ್ದರು, ಮುಚ್ಚಳಗಳನ್ನು ಸರಿಮಾಡಿಕೊಡುತ್ತಿದ್ದರು. ಓಬೋದ ತೂತುಗಳ ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ನೋಡಲು ಸಿಗರೇಟು ಸುತ್ತುವ ತೆಳ್ಳನೆಯ ಕಾಗದ ಬೇಕು. ಅದನ್ನು ತೂತಿಗೂ ಮುಚ್ಚಳಕ್ಕೂ ನಡುವೆ ಇಟ್ಟು ಎಳೆದು ನೋಡಬೇಕು. ತೂತಿನಲ್ಲಿ ನೀರು ನಿಂತರೆ ಅದೇ ಕಾಗದದಿಂದ ಒತ್ತಿ ಹೀರಬೇಕು. ಅದಕ್ಕಾಗಿ ಅವರು ಮೂಲೆಯ ಲಿಕ್ಕರ್ ಸ್ಟೋರಿಗೆ ಹೋಗುತ್ತಿದ್ದರು. ಹಣೆಯಲ್ಲಿ ವಿಭೂತಿ, ಸೊಂಟಕ್ಕೆ ಪಂಚೆ, ಕೇಳುವುದು ಕಾಗದ, ತಂಬಾಕು ಬೇಡವೇ ಎಂದರೆ ಬೇಡ. ತಾತ ಬೇರೆ ಏನನ್ನೋ ಸುತ್ತುತ್ತಾನೆಂದು ಅಂಗಡಿಯವನ ಗಟ್ಟಿ ನಂಬಿಕೆ. "ಅವ್ನು ಕಣ್ ಹೊಡೀತಾನೆ, ನಾನೂ ಹೊಡೀತೀನಿ. ಒಳ್ಳೇ ಮನುಷ್ಯ," ಎನ್ನುತ್ತಿದ್ದರು. ಮಗ ನಾಚಿಕೆಯಿಂದ ಆ ಬೀದಿಯಲ್ಲಿ ಕಾರು ಓಡಿಸುವುದನ್ನೇ ಬಿಟ್ಟಿದ್ದನಂತೆ.

ಇನ್ನೊಂದು, ಗರಿಯ ವಿಷಯ. ಕೊಳವೆಯ ಒಳಗೆ ಎಣ್ಣೆ ಸವರಲು ಉದ್ದನೆಯ ಹಕ್ಕಿಗರಿ ಬೇಕು. ಮೈಸೂರಿನಲ್ಲಿ ಹದ್ದಿನ ಗರಿ ಸಿಗುತ್ತಿತ್ತು, ಇಲ್ಲಿ ಟರ್ಕಿ ಕೋಳಿಯದು ಆದೀತು ಎಂದಿದ್ದರು. ನಮ್ಮಲ್ಲಿಗೆ ಹತ್ತಿರದ ಡಬ್ಲಿನ್ ಎಂಬ ಊರಿನ ಕಡೆ ಆಗ ಮನೆಗಳಿಗಿಂತ ಹುಲ್ಲುಗುಡ್ಡಗಳೇ ಜಾಸ್ತಿ. ಒಂದು ಭಾನುವಾರ ಚಿತ್ರಾನ್ನ ಕಟ್ಟಿಕೊಂಡು ಅವರನ್ನೂ ಕರೆದುಕೊಂಡು ಹೋದೆವು. ಮಗಳೂ ಅವರೂ ಗುಡ್ಡವೆಲ್ಲ ಅಲೆದು ಐದು ಗರಿ ಆರಿಸಿ ತಂದರು. ನಾನು ಅವನ್ನು ಎರಡು ಬೆರಳಲ್ಲಿ ಹಿಡಿದು, ಮೂರು ಪದರ ಪೇಪರಿನಲ್ಲಿ ಸುತ್ತಿ ಕಾರಿನ ಡಿಕ್ಕಿಯಲ್ಲಿಟ್ಟೆ. ಮನೆಗೆ ಬಂದವಳೇ ತಲೆಗೆ ಸ್ನಾನ ಮಾಡಿದೆ. ಮಾರನೆಯ ವಾರ ಮಗಳು ಅದನ್ನು ಅವರಿಗೆ ವರದಿ ಮಾಡಿದಳು. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ನನ್ನ ಮಡಿ ಆಗ ನಮ್ಮೆಲ್ಲರಿಗೂ ತಮಾಷೆಯ ವಸ್ತುವಾಗಿತ್ತು.

ನಮ್ಮ ಮನೆಗೆ ಬಂದರೆ ಕಾಫಿ ಕುಡಿಯುತ್ತಿದ್ದರು. ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿದು, ತಾವೇ ಸಿಂಕಿನಲ್ಲಿ ತೊಳೆದು ಬೋರಲು ಹಾಕುತ್ತಿದ್ದರು. ಅಯ್ಯೋ ನೀವ್ಯಾಕೆ ಎಂದು ನಾನು ಮೊದಲ ಸಲ ಹೇಳಿದ್ದು ನೆನಪಿದೆ. ಎರಡನೆಯ ಸಲ ಹೇಳಿದ್ದು ನೆನಪಿಲ್ಲ. ಅಡುಗೆಮನೆಯಲ್ಲಿ ನಿಂತಾಗ ನಮ್ಮ ಫ್ರಿಜ್ಜಿನ ಗುಂಯ್‌ಗುಡುವ ಸದ್ದಿಗೆ ತಲೆಯಾಡಿಸಿ, "ಇದು ದಿನಕ್ಕೆ ದಿನಕ್ಕೆ ಶ್ರುತಿ ಇಳೀತಾ ಅದೆ ತಾಯಿ, ಯಾರಿಗಾದ್ರೂ ತೋರ್ಸಿ," ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ಒಂದು ದಿನ ಅದು ನಿಜವಾಗಿಯೂ ಕೆಟ್ಟು ಕೂತಿತು.

ಊದುವ ವಾದ್ಯ ಎಂದರೆ ನನಗೆ ಒಳಗೊಳಗೇ ಒಂದು ಅಸಹ್ಯವಿತ್ತು. ಅಭ್ಯಾಸ ಮುಗಿಸಿ ಮಗಳು ಓಬೋ ಬಿಚ್ಚಿದರೆ ಒಳಗಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಮೇಜಿನ ಮೇಲೆ ಬಿದ್ದರೆ ನಾನು ಒದ್ದೆ ಬಟ್ಟೆ ಹಿಡಿದು ಓಡುತ್ತಿದ್ದೆ. ಒಮ್ಮೆ ಅವರ ಮುಂದೆಯೇ ಎಂಜಲು ಎಂದು ಗೊಣಗಿದೆ. ಅವರು ಬೇಸರಪಡಲಿಲ್ಲ. ಕಿಟಕಿಯ ಗಾಜಿನ ಹತ್ತಿರ ಹೋಗಿ ಬಾಯಿ ತೆರೆದು ಹಾ ಎಂದು ಉಸಿರು ಬಿಟ್ಟರು. ಗಾಜು ಮಂಜಾಯಿತು. "ನೋಡಿ, ಇಷ್ಟೇಯ. ಉಸ್ರು ಬೆಚ್ಚಗಿರ್ತದೆ, ಮರ ತಣ್ಣಗಿರ್ತದೆ. ಎರಡೂ ಸೇರಿದ್ರೆ ನೀರು. ಇದು ಎಂಜಲಲ್ಲ ತಾಯಿ, ಉಸ್ರು," ಎಂದರು. ಬಿ.ಎಸ್ಸಿ. ಓದಿದ್ದ ನನಗೆ ಅದು ಗೊತ್ತಿರಬೇಕಿತ್ತು. ಗೊತ್ತೂ ಇತ್ತು. ಗೊತ್ತಿರುವುದು ಬೇರೆ, ಕೈ ಮಾಡುವ ಕೆಲಸ ಬೇರೆ.

ಆ ವರ್ಷದ ಚಳಿಗಾಲದಲ್ಲಿ ಮಗಳು ಓಬೋವನ್ನು ಹೀಟರಿನ ಪಕ್ಕದಲ್ಲಿ ಬಿಟ್ಟಳು. ಮೇಲಿನ ತುಂಡು ಸೀಳಿತು. ಸೀಳು ಕೂದಲೆಳೆಯಷ್ಟೇ ಇದ್ದರೂ ಒಂದು ಸಣ್ಣ ತೂತಿನ ಒಳಗೇ ಹಾದುಹೋಗಿತ್ತು. ಶಾಲೆಯ ಬ್ಯಾಂಡ್ ಟೀಚರು, ವಾರಕ್ಕೊಮ್ಮೆ ಅವಳಿಗೆ ಪ್ರತ್ಯೇಕವಾಗಿ ಪಾಠವನ್ನೂ ಹೇಳುತ್ತಿದ್ದ ಕೆಂಪು ಗಡ್ಡದ ಎತ್ತರದ ಮನುಷ್ಯ, ಕಾರ್ಖಾನೆಗೆ ಕಳಿಸಿದರೆ ವಾಪಸು ಬರಲು ಬೇಸಿಗೆಯಾಗುತ್ತದೆ ಎಂದರು. ಏಪ್ರಿಲ್ಲಿನಲ್ಲಿ ಕೊಲ್ಲಿಯ ಸೇತುವೆಯಾಚೆ, ಫಾಸ್ಟರ್ ಸಿಟಿಯ ಕಡೆ, ಮಕ್ಕಳ ಆರ್ಕೆಸ್ಟ್ರಾ ಒಂದಕ್ಕೆ ಮಗಳ ಆಡಿಷನ್ನು ಇತ್ತು. ನಾನು ಗರಾಜಿನ ಆ ಯಜಮಾನರ ಬಗ್ಗೆ ಹೇಳಿದೆ. ಟೀಚರು ಗರಾಜಿಗೆ ಹೋಗಿ ಅವರ ಮೇಜು, ಉಪಕರಣ, ಕೈ ಎಲ್ಲ ನೋಡಿ ಬಂದರು. "ಇದನ್ನು ಸರಿಮಾಡಲಿ. ಆಡಿಷನ್ನಿನಲ್ಲಿ ಓಬೋ ಚೆನ್ನಾಗಿ ನುಡಿದರೆ ಬೇಸಿಗೆಯಲ್ಲಿ ನಮ್ಮ ಶಾಲೆಯ ಅಷ್ಟೂ ಕ್ಲಾರಿನೆಟ್ಟು, ಓಬೋ, ಕೊಳಲುಗಳನ್ನು ಅವರಿಗೇ ಕೊಡುತ್ತೇನೆ," ಎಂದರು.

ಅದನ್ನು ಅವರಿಗೆ ಕನ್ನಡದಲ್ಲಿ ಹೇಳಿದವಳು ನಾನೇ. ಅವರು ಟೋಪಿ ತೆಗೆದು ತಲೆ ಸವರಿಕೊಂಡರು. ಆಮೇಲೆ, "ಇಲ್ಲಿಗೆ ಬಂದ್ಮೇಲೆ ಊಟ ಆಯ್ತಾ, ಮಾತ್ರೆ ಆಯ್ತಾ ಅಂತ ಎಲ್ರೂ ಕೇಳ್ತಾರೆ ತಾಯಿ. ಕೆಲ್ಸ ಆಯ್ತಾ ಅಂತ ಕೇಳೋರು ಯಾರೂ ಇಲ್ಲ. ಇನ್ಮೇಲೆ ಕೇಳ್ತಾರೆ ಬಿಡಿ," ಎಂದರು.

ಮೂರು ವಾರ ತೆಗೆದುಕೊಂಡರು. ಸೀಳನ್ನು ತುಂಬಿದರು. ತೂತಿನೊಳಗೆ ಹೊಸ ಬಳೆಯೊಂದನ್ನು ತೊಡಿಸಿದರು. ಬಳೆಯ ಅಂಚು ಒಳಗೆ ಒಂದು ಕೂದಲಿನಷ್ಟು ಎತ್ತರ ಇರಬೇಕಂತೆ, ಹರಿದು ಬರುವ ನೀರು ತೂತಿಗೆ ಇಳಿಯದೆ ಪಕ್ಕಕ್ಕೆ ಸರಿದು ಹೋಗಲು. ಕೊನೆಗೆ ಗರಿಯಿಂದ ಒಳಗೆಲ್ಲ ಎಣ್ಣೆ ಕುಡಿಸಿದರು. ಫೆಬ್ರವರಿಯ ಒಂದು ಶನಿವಾರ ಬಸ್ಸು ಹಿಡಿದು ತಾವೇ ತಂದುಕೊಟ್ಟರು. ನಶ್ಯದ ಡಬ್ಬಿಯಿಂದ ತಮ್ಮದೇ ರೀಡು ತೆಗೆದು, ನೆನೆಸಿ, ಸಿಕ್ಕಿಸಿ, ನಮ್ಮ ಫ್ಯಾಮಿಲಿ ರೂಮಿನ ಶಾಗ್ ಕಾರ್ಪೆಟ್ಟಿನ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ನುಡಿಸಿದರು. ಮೋಹನ ರಾಗ. ನಾನು ಅಳಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಮುಗಿಸಿ, ತಮ್ಮ ರೀಡನ್ನು ಮತ್ತೆ ಡಬ್ಬಿಗೆ ಹಾಕಿಕೊಂಡು ಮಗಳಿಗೆ ಹೇಳಿದರು: "ಹತ್ತು ದಿನ, ದಿನಕ್ಕೆ ಅರ್ಧ ಗಂಟೆ. ಮಧ್ಯ ಮಧ್ಯ ಒರೆಸ್ಬ್ಯಾಡ. ರಿಪೇರಿ ಆದ್ಮೇಲೆ ನೀರಿಗೆ ದಾರಿ ಮರೆತೋಗಿರ್ತದೆ. ಅದರ ಪಾಡಿಗೆ ಬಿಟ್ರೆ ಹೊಸ ದಾರಿ ಮಾಡ್ಕೊತದೆ. ಹೊರಗಿನ ನೀರು ಮಾತ್ರ ಒಂದು ತೊಟ್ಟೂ ಬ್ಯಾಡ."

ಅವರು ಹೋದರು. ಮಗಳು ಹೋಮ್‌ವರ್ಕಿಗೆಂದು ಮಹಡಿ ಹತ್ತಿದಳು. ನಾನು ಓಬೋದ ಮೇಲಿನ ತುಂಡನ್ನು ಬಿಚ್ಚಿ ಸಿಂಕಿಗೆ ಒಯ್ದೆ.

ಯಾಕೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅತ್ತೆಯ ಮೇಲೆ ಹೊರಿಸೋಣವೆಂದರೆ ಅವರು ಆಗ ಮೈಸೂರಿನಲ್ಲಿದ್ದರು, ನನ್ನ ಗಂಡ ಇಂಥದಕ್ಕೆಲ್ಲ ತಲೆಹಾಕುವವರಲ್ಲ, ಹೊರಿಸಲು ಬೇರೆ ಯಾರೂ ಮನೆಯಲ್ಲಿರಲಿಲ್ಲ. ಕ್ರಿಮಿ, ಆರೋಗ್ಯ, ವಯಸ್ಸಾದವರ ಕೆಮ್ಮು ಎಂದೆಲ್ಲ ಆಗ ನನಗೆ ನಾನೇ ಹೇಳಿಕೊಂಡೆ. ಅಮೆರಿಕದಲ್ಲಿ ಮಡಿಗೆ ಹೈಜೀನ್ ಎಂಬ ಒಳ್ಳೆಯ ಹೆಸರು ಸಿಗುತ್ತದೆ. ಅವರು ಊದಿದ್ದು, ಅದನ್ನೇ ನಾಳೆ ನನ್ನ ಮಗಳು ಬಾಯಿಗಿಡುತ್ತಾಳೆ. ಇಷ್ಟೇ ನನ್ನ ತಲೆಯಲ್ಲಿದ್ದದ್ದು. ತುಟಿ ತಾಗುವುದು ರೀಡಿಗೆ, ಆ ರೀಡನ್ನು ಅವರು ತಮ್ಮ ಜೇಬಿನಲ್ಲೇ ವಾಪಸು ಒಯ್ದಿದ್ದರು, ಆ ಮರಕ್ಕೆ ಅವರ ಬಾಯಿ ತಾಗಿಯೇ ಇರಲಿಲ್ಲ ಎಂಬುದು ಕಣ್ಣಾರೆ ಕಂಡಿದ್ದರೂ ನನಗೆ ಹೊಳೆಯಲಿಲ್ಲ. ಬಿಸಿನೀರು ಬಿಟ್ಟು, ಪಾತ್ರೆ ತೊಳೆಯುವ ಸೋಪು ಹಾಕಿ, ಮಗಳ ಹಾಲಿನ ಬಾಟಲಿಯ ಕಾಲದಿಂದ ಎತ್ತಿಟ್ಟಿದ್ದ ಉದ್ದ ಬ್ರಷ್ಷಿನಿಂದ ಒಳಗೆಲ್ಲ ತಿಕ್ಕಿದೆ. ಹೇರ್ ಡ್ರೈಯರ್ ಹಿಡಿದು ಒಣಗಿಸುತ್ತಿದ್ದಾಗ ಮಗಳು ಕೆಳಗಿಳಿದು ಬಂದಳು.

"ಅಮ್ಮಾ, ವಾಟ್ ಆರ್ ಯೂ ಡೂಯಿಂಗ್? ತಾತ ಸೆಡ್ ನೋ ವಾಟರ್."

"ತಾತಂಗೇನು ಗೊತ್ತು. ಸ್ವಲ್ಪ ಕ್ಲೀನ್ ಮಾಡ್ದೆ ಅಷ್ಟೆ. ಅವ್ರಿಗೆ ಹೇಳ್ಬೇಡ, ಬೇಜಾರು ಮಾಡ್ಕೋತಾರೆ," ಎಂದೆ.

ನಾಲ್ಕನೆಯ ದಿನಕ್ಕೆ ಓಬೋ ಗುಳುಗುಳು ಎನ್ನತೊಡಗಿತು. ಮೇಲಿನ ಸ್ವರಗಳಲ್ಲಿ, ಯಾರೋ ಹುಕ್ಕಾ ಸೇದುವ ಸದ್ದು. ಫೋನು ಮಾಡಿದೊಡನೆ ಅವರು ಬಂದರು. ಸಿಗರೇಟು ಕಾಗದ ಹಾಕಿ ಒಂದೊಂದು ತೂತಿನ ನೀರನ್ನೂ ಹೀರಿದರು, ಮುಚ್ಚಳ ಎತ್ತಿ ಫೂ ಎಂದು ಊದಿ ತೆಗೆದರು. ಮಗಳ ಕೈಯಲ್ಲಿ ನುಡಿಸಿ ನೋಡಿದರು. ಹತ್ತು ನಿಮಿಷಕ್ಕೆ ಮತ್ತೆ ಗುಳುಗುಳು. ಮಾರನೆಯ ಶನಿವಾರ ಮತ್ತೆ ಬಂದರು. ನುಡಿಸುವ ಮುಂಚೆ ಕಂಕುಳಲ್ಲಿ ಇಟ್ಟು ಬೆಚ್ಚಗೆ ಮಾಡಿಕೊ ಎಂದರು. ಅವಳು ಹಿಡಿಯುವ ಓರೆಯನ್ನು ಮೊಣಕಾಲೂರಿ ಕೂತು ನೋಡಿದರು. ಕೆಳಗಿಡುವಾಗ ಸಣ್ಣ ತೂತುಗಳು ಮೇಲ್ಮುಖವಾಗಿ ಇರಲಿ ಎಂದು ತೋರಿಸಿಕೊಟ್ಟರು. ಆಗಲಿಲ್ಲ. ಮೂರನೆಯ ಶನಿವಾರ ಗರಿಯಿಂದ ತೂತುಗಳಿಲ್ಲದ ಬದಿಯಲ್ಲಿ ಎಣ್ಣೆಯ ಒಂದು ಗೆರೆ ಎಳೆದರು, ನೀರು ಅದನ್ನು ಹಿಡಿದುಕೊಂಡು ಹೋಗಲಿ ಎಂದು. ನೀರು ಆ ಗೆರೆಯನ್ನು ದಾಟಿ ತನಗೆ ಬೇಕಾದ ಕಡೆಯೇ ಹೋಯಿತು.

ಆಗ ಅವರು ಆ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ಒಳಗೆ ನೋಡಿದರು.

"ಮರ ಒಳಗೆ ತರಿತರಿ ಎದ್ದದೆ. ಮುಚ್ಚಳದ ಬೂಚೂ ಉಬ್ಕೊಂಡದೆ. ತಾಯಿ, ಅಪ್ಪಿತಪ್ಪಿ ನೀರೇನಾರ ತಾಗ್ತಾ?"

ಮಗಳು ಓಬೋದ ಕೇಸು ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದಳು. ಅವಳು ನನ್ನ ಮುಖ ನೋಡಿದಳು.

"ಇಲ್ವಲ್ಲ ಯಜಮಾನ್ರೇ," ಎಂದೆ.

ಎಷ್ಟು ಸಲೀಸಾಗಿ ಬಂತು ಆ ಮಾತು. ತಾಗಿತು ಎಂದರೆ ಯಾಕೆ ಎಂದು ಕೇಳುತ್ತಾರೆ, ಯಾಕೆ ಎಂಬುದಕ್ಕೆ ಅವರ ಮುಖ ನೋಡಿ ಹೇಳುವಂಥ ಉತ್ತರ ನನ್ನಲ್ಲಿರಲಿಲ್ಲ. ಅವರು ನನ್ನನ್ನು ನಂಬಿದರು. "ಹಂಗಾದ್ರೆ ನನ್ ಕೈಯೇ ಎಲ್ಲೋ ತಪ್ಪಿರ್ತದೆ," ಎಂದು ಓಬೋವನ್ನು ಜಾಕೆಟ್ಟಿನೊಳಗೆ ಬೆಚ್ಚಗೆ ಇಟ್ಟುಕೊಂಡು ಬಸ್‌ಸ್ಟಾಪಿಗೆ ನಡೆದರು.

ಆಮೇಲೆ ಆದದ್ದನ್ನು ಅವರ ಮಗ ಹೇಳಿ ತಿಳಿಯಿತು. ಸರಿಯಾಗಿಯೇ ಇದ್ದ ಆ ಬಳೆಯನ್ನು ಅವರು ಕಿತ್ತು ಮತ್ತೆ ಕೂರಿಸಿದರಂತೆ, ಒಂದಲ್ಲ, ಎರಡು ಸಲ. ಮೈಸೂರಿನಿಂದ ತಂದಿದ್ದ ಬೂಚಿನ ಹಾಳೆ ಕೆಟ್ಟುಹೋಗಿದೆ ಎಂದು ತೀರ್ಮಾನಿಸಿ ಅಷ್ಟನ್ನೂ ಕಸದ ಡಬ್ಬಿಗೆ ಹಾಕಿದರಂತೆ. ಕಣ್ಣಿನ ಡಾಕ್ಟರಲ್ಲಿಗೆ ಕರೆದುಕೊಂಡು ಹೋಗು ಎಂದರಂತೆ. ಕಣ್ಣು ವಯಸ್ಸಿಗೆ ತಕ್ಕಂತೆ ಸರಿಯಾಗಿದೆ ಎಂದು ಡಾಕ್ಟರು ಹೇಳಿದಾಗ ಅವರ ಮುಖ ಇನ್ನೂ ಚಿಕ್ಕದಾಯಿತಂತೆ. ಕಣ್ಣೂ ಅಲ್ಲವೆಂದರೆ ಉಳಿದದ್ದು ಕೈ. ಇದನ್ನೆಲ್ಲ ಮಗ ನನಗೆ ಫೋನಿನಲ್ಲಿ, ಅಪ್ಪನಿಗೆ ಇತ್ತೀಚೆಗೆ ಯಾಕೋ ಅರಳುಮರಳು ಎಂಬ ಧಾಟಿಯಲ್ಲಿ ಹೇಳಿದ. ನಾನು ಹೂಂ ಹೂಂ ಎನ್ನುತ್ತ ಕೇಳಿಸಿಕೊಂಡೆ. ಹೇಳಿಬಿಡಲು ಅದೂ ಒಂದು ಸಮಯವಾಗಿತ್ತು.

ಓಬೋ ನಮ್ಮ ಕೈಗೆ ವಾಪಸು ಬಂದದ್ದು ಆಡಿಷನ್ನಿನ ಹಿಂದಿನ ಸಂಜೆ. ಮಾರನೆಯ ದಿನ ಕೊಲ್ಲಿಯ ಮೇಲೆ ಮಂಜು ಕವಿದು ಚಳಿಯಿತ್ತು. ನಾನು ಹೊರಗೆ ಬೆಂಚಿನ ಮೇಲೆ ಕೂತು ಬಾಗಿಲಿನ ಸಂದಿಯಿಂದ ಕೇಳಿದೆ. ವೇಗದ ಭಾಗವನ್ನು ಚೆನ್ನಾಗಿ ನುಡಿಸಿದಳು. ನಿಧಾನದ ಭಾಗದಲ್ಲಿ, ಒಂದೇ ಸ್ವರವನ್ನು ಉದ್ದಕ್ಕೆ ಹಿಡಿಯಬೇಕಾದ ಕಡೆ, ಗುಳುಗುಳು ಶುರುವಾಯಿತು. ನಿಲ್ಲಿಸಿದಳು. ಊದಿ ತೆಗೆದಳು. ಮತ್ತೆ ನುಡಿಸಿದಳು. ಮತ್ತೆ ಅದೇ. ಒಳಗಿನವರು ಥ್ಯಾಂಕ್ ಯೂ ಎಂದದ್ದು ಕೇಳಿಸಿತು. ಸೇತುವೆಯ ಮೇಲೆ ವಾಪಸು ಬರುವಾಗ ಅವಳು ಕಿಟಕಿಯಾಚೆ ನೋಡುತ್ತ ಕೂತಿದ್ದಳು.

ಅವಳು ಆಯ್ಕೆಯಾಗಲಿಲ್ಲವೆಂದು ತಿಳಿದು ಬ್ಯಾಂಡ್ ಟೀಚರು ಫೋನು ಮಾಡಿದರು. ಆ ಗುಳುಗುಳು ಕೊನೆಗೂ ನಿಲ್ಲಲಿಲ್ಲವೇ, ರಿಪೇರಿ ಆದಾಗಿನಿಂದಲೇ ಹೀಗೆಯೇ ಎಂದು ಕೇಳಿದರು. ಹೌದು, ರಿಪೇರಿ ಆದ ಮೇಲೆಯೇ ಎಂದೆ. ಹಾಗೆ ನೋಡಿದರೆ ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವರು ನಿಟ್ಟುಸಿರು ಬಿಟ್ಟು, ಪಾಪ, ಒಳ್ಳೆಯ ಮುದುಕ, ಆದರೆ ಶಾಲೆಯ ವಾದ್ಯಗಳನ್ನು ಕೊಡುವುದು ಕಷ್ಟ ಎಂದರು. ನಾನು ಅರ್ಥವಾಗುತ್ತದೆ ಎಂದೆ.

ಆ ವಾರವೇ ಯಜಮಾನರು ನಮ್ಮ ಮನೆಗೆ ಬಂದರು. ಮಗಳಿಗೆಂದು ಆರು ಹೊಸ ರೀಡುಗಳನ್ನು ಕೆತ್ತಿ ತಂದಿದ್ದರು. ಅವಳು ಶಾಲೆಯಿಂದ ಬಂದಿರಲಿಲ್ಲ. ಕೂರಿ ಎಂದರೂ ಕೂರಲಿಲ್ಲ. "ನನ್ನಿಂದ ಮಗೀಗೆ ಹಿಂಗಾಯ್ತು ತಾಯಿ. ಆ ಮೇಷ್ಟ್ರ ಮುಂದೆ ನೀವು ನನ್ ಪರ ಮಾತಾಡ್ಬಿಟ್ಟು ನಿಮ್ ಮಾತೂ ಹೋಯ್ತು. ತಪ್ಪಾಯ್ತು," ಎಂದು ಕೈಮುಗಿದರು. ನಾನು ಏನೆಂದೆ ಗೊತ್ತೇ? "ಇರ್ಲಿ ಬಿಡಿ ಯಜಮಾನ್ರೇ, ಆಗೋದೆಲ್ಲ ಆಗತ್ತೆ," ಎಂದೆ. ನಾನು ಅವರನ್ನು ಕ್ಷಮಿಸಿದೆ. ಕಾಫಿ ಕೊಟ್ಟೆ. ಕುಡಿದು ಲೋಟ ತೊಳೆದಿಟ್ಟು ಹೋದರು. ಈ ಬರಹದಲ್ಲಿ ಉಳಿದದ್ದೆಲ್ಲವನ್ನೂ ನಾನು ಹೇಗೋ ಹೇಳಿಕೊಳ್ಳಬಲ್ಲೆ, ಆ ‘ಇರ್ಲಿ ಬಿಡಿ’ಯನ್ನು ನೆನೆದರೆ ಮಾತ್ರ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಬೇಸಿಗೆಯಲ್ಲಿ ಒಮ್ಮೆ ಆ ಬೀದಿಯಲ್ಲಿ ಹಾದುಹೋದಾಗ ಗರಾಜಿನ ಬಾಗಿಲು ತೆರೆದಿತ್ತು. ಒಳಗೆ ಎರಡು ಕಾರು ನಿಂತಿದ್ದವು. ಅವರು ಮುಂದಿನ ಹುಲ್ಲಿನ ಅಂಚಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ಕಾರು ನಿಲ್ಲಿಸಲಿಲ್ಲ. ಮಗಳ ಓಬೋ ಎಣ್ಣೆ ಕುಡಿದು ಕುಡಿದು ವರ್ಷದೊಳಗೆ ತಾನಾಗಿಯೇ ಸರಿಹೋಯಿತು. ಆ ಸೀಳು ಮತ್ತೆ ಬಿಡಲಿಲ್ಲ, ಆ ಬಳೆ ಅಲುಗಲಿಲ್ಲ. ಅಷ್ಟು ಗಟ್ಟಿ ಕೆಲಸ. ಅದನ್ನಾದರೂ ಹೋಗಿ ಹೇಳಬಹುದಿತ್ತು. ಹೇಳಿದರೆ ಮೊದಲೇಕೆ ಹಾಗಾಯಿತು ಎಂದು ಅವರು ಕೇಳುತ್ತಾರೆಂಬ ಭಯದಿಂದ ಹೋಗಲಿಲ್ಲ. ನಾಳೆ ಹೋಗೋಣ, ದಸರೆಗೆ ಹೋಗೋಣ ಎನ್ನುತ್ತ ನಾಲ್ಕು ವರ್ಷ ಕಳೆದೆ. ಹೆದ್ದಾರಿಯ ಎರಡು ಎಕ್ಸಿಟ್ಟು ದಾಟಿದರೆ ಅವರ ಮನೆ.

ನನ್ನ ಮದುವೆಯಲ್ಲಿ ತಾಳಿ ಕಟ್ಟುವಾಗ ವಾಲಗ ಜೋರಾಗಿ ಮೊಳಗಿದ್ದು ಚೆನ್ನಾಗಿ ನೆನಪಿದೆ. ಅವರ ಮನೆತನದವರ ಉಸಿರಿಲ್ಲದೆ ನಮ್ಮ ಮನೆಗಳಲ್ಲಿ ಒಂದು ತಾಳಿ ಬಿಗಿಯುವುದಿಲ್ಲ. ಊಟಕ್ಕೆ ಆ ವಾಲಗದವರನ್ನು ಕೊನೆಯ ಪಂಕ್ತಿಯಲ್ಲಿ, ಛತ್ರದ ಹಿಂದಿನ ಜಗಲಿಯಲ್ಲಿ ಕೂರಿಸಿದ್ದರು. ಅದು ಆಗ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ನನ್ನ ಕಣ್ಣಿಗಂತೂ ಇಲ್ಲ.

ಗ್ರೋಸರಿಯಿಂದ ಮನೆಗೆ ಬಂದು ಮಗಳಿಗೆ ಫೋನು ಮಾಡಿದೆ. ಅವಳೀಗ ಲಾಸ್ ಏಂಜಲಿಸ್ಸಿನಲ್ಲಿ ಕಾಲೇಜಿನಲ್ಲಿದ್ದಾಳೆ. ತಾತ ಹೋದರಂತೆ ಎಂದೆ. ಅವಳು ಸ್ವಲ್ಪ ಹೊತ್ತು ಅತ್ತಳು. ಆ ಅಳು ಕೇಳುತ್ತ ನನಗೇನಾಯಿತೋ, ಅವರಿಗೆ ನಿಜ ಹೇಳದೆ ಹೋದೆನಲ್ಲ ಎಂದು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದೆ.

"ಐ ಟೋಲ್ಡ್ ಹಿಮ್, ಅಮ್ಮಾ," ಎಂದಳು.

ಕಾಲೇಜಿಗೆ ಸೇರಿದ ಮೊದಲ ವರ್ಷ, ಕ್ರಿಸ್ಮಸ್ ರಜೆಯಲ್ಲಿ ಮನೆಗೆ ಬಂದಿದ್ದಾಗ ಅವಳೊಬ್ಬಳೇ ಅವರ ಮನೆಗೆ ಹೋಗಿದ್ದಳಂತೆ. ನೀವು ಮಾಡಿದ್ದು ಸರಿಯಾಗಿತ್ತು, ಅಮ್ಮ ಸೋಪು ಹಾಕಿ ತೊಳೆದಿದ್ದರು ಎಂದಳಂತೆ, ತನ್ನ ಮುರುಕು ಕನ್ನಡದಲ್ಲಿ. ಅವರು ತಮ್ಮ ಎರಡೂ ಕೈಗಳನ್ನು ಮುಂದೆ ಚಾಚಿ, ತಿರುಗಿಸಿ, ನೋಡಿಕೊಂಡರಂತೆ.

"ಸಿಟ್ಟು ಮಾಡ್ಕೊಂಡ್ರಾ?" ಎಂದು ಕೇಳಿದೆ.

"ನೋ. ಒಂದೇ ಕ್ವೆಶ್ಚನ್ ಕೇಳಿದ್ರು." ಅವಳು ಮೂಗೆಳೆದುಕೊಂಡಳು. "ಬ್ಯಾಂಡ್ ಟೀಚರ್ ಯಾವಾಗ್ಲಾದ್ರೂ ನಿನ್ನ ಓಬೋ ನುಡಿಸಿ ತೋರ್ಸಿದಾರಾ ಅಂತ. ಆಲ್ ದ ಟೈಮ್ ಅಂದೆ. ನಿನ್ನ ರೀಡಲ್ಲೇನಾ ಅಂದ್ರು. ಯೆಸ್, ನನ್ನ ರೀಡಲ್ಲೇ ಅಂದೆ."

ನನಗೆ ಗೊತ್ತಿತ್ತು. ಪ್ರತಿ ವಾರದ ಪಾಠದಲ್ಲಿ ನಾನು ಕೋಣೆಯ ಮೂಲೆಯಲ್ಲಿ ಸ್ವೆಟರ್ ಹೆಣೆಯುತ್ತ ಕೂತಿರುತ್ತಿದ್ದೆ. ಆ ಕೆಂಪು ಗಡ್ಡದ ಟೀಚರು ಅವಳ ಬಾಯಿಂದ ತೆಗೆದ ಓಬೋವನ್ನು ಹಾಗೆಯೇ ತಮ್ಮ ಬಾಯಿಗಿಟ್ಟು ನುಡಿಸಿ ಮತ್ತೆ ಅವಳ ಕೈಗೆ ಕೊಡುತ್ತಿದ್ದರು. ಅವಳು ಅದನ್ನು ಹಾಗೆಯೇ ಬಾಯಿಗಿಡುತ್ತಿದ್ದಳು. ನಾನು ಹೆಣಿಗೆಯ ಮನೆ ಎಣಿಸುತ್ತಿದ್ದೆ.

"ಆಮೇಲೆ?" ಎಂದೆ.

"ಆಮೇಲೆ, ಆಗ ನಿಮ್ಮಮ್ಮ ತೊಳೀತಿದ್ರಾ ಅಂತ ಕೇಳಿದ್ರು."

"ನೀನು ಏನಂದೆ?"

"ಇಲ್ಲ ಅಂದೆ," ಎಂದಳು ಮಗಳು. ಅಷ್ಟನ್ನು ಅವಳು ಕನ್ನಡದಲ್ಲೇ ಹೇಳಿದಳು.